ಮತಕ್ಕೆ 72 ಗಂಟೆ, ವೀಟೋಗೆ ಕಾರಣ

ಓಪನ್ ಸೋರ್ಸ್ (ಮೂಲ ಕೋಡ್ ಎಲ್ಲರಿಗೂ ತೆರೆದಿರುವ) ಸಾಫ್ಟ್‌ವೇರ್ ಯೋಜನೆಗಳನ್ನು ನಡೆಸುವ ಅಪಾಚೆ ಸಾಫ್ಟ್‌ವೇರ್ ಫೌಂಡೇಶನ್ನಿನ ಪದ್ಧತಿಗಳಲ್ಲಿ ನನಗೆ ತುಂಬ ಹಿಡಿಸುವುದು ಇದು: ಕಮಿಟರ್ ಹಕ್ಕು, ಅಂದರೆ ಯೋಜನೆಯ ಕೋಡನ್ನು ನೇರವಾಗಿ ಬದಲಿಸುವ ಹಕ್ಕು, ಸಿಗುವುದು ವ್ಯಕ್ತಿಗೆ. ಕಂಪನಿ ಬಿಟ್ಟರೂ ಹಕ್ಕು ಅವರ ಜೊತೆಗೇ ಹೋಗುತ್ತದೆ. ಅವರ ಕುರ್ಚಿಗೆ ಬಂದ ಹೊಸಬರು ಮೊದಲಿನಿಂದ ದುಡಿದೇ ಗಳಿಸಬೇಕು.

ಕೋಡ್ ಬದಲಾವಣೆಗೆ ಮೈನಸ್ ಒಂದು (ವಿರೋಧದ ಮತ) ಹಾಕಿ ವೀಟೋ ಮಾಡಬಹುದು, ಅಂದರೆ ತಡೆಯಬಹುದು. ಆದರೆ ತಾಂತ್ರಿಕ ಕಾರಣ ಬರೆಯದಿದ್ದರೆ ಅದು ನಿಲ್ಲುವುದಿಲ್ಲ. ಹೊಸ ಆವೃತ್ತಿಯ ಬಿಡುಗಡೆಗೆ ವೀಟೋ ಇಲ್ಲವೇ ಇಲ್ಲ: ನಿರ್ವಹಣಾ ಸಮಿತಿಯ ಕನಿಷ್ಠ 3 ಪ್ಲಸ್ ಮತ ಬೇಕು, ವಿರೋಧಕ್ಕಿಂತ ಬೆಂಬಲ ಹೆಚ್ಚಿರಬೇಕು. ಮತದಾನ ಸಾಮಾನ್ಯವಾಗಿ 72 ಗಂಟೆ ತೆರೆದಿರುತ್ತದೆ. ಬೆಂಗಳೂರಿನವರು ಮಲಗಿದ್ದಾಗ ಕ್ಯಾಲಿಫೋರ್ನಿಯಾದವರೇ ತೀರ್ಮಾನ ಮುಗಿಸಬಾರದಲ್ಲ!

ದುಡಿದು ಗಳಿಸುವ ಈ ಪದ್ಧತಿಯನ್ನು ಕಚೇರಿಯ ಬಡ್ತಿಗೆ ತರುವಾಗ ಎಡವುವುದು ಅಳತೆಯಲ್ಲಿ. ಕಮಿಟ್ (ಕೋಡಿಗೆ ಸೇರಿಸಿದ ಒಂದೊಂದು ಬದಲಾವಣೆ) ಎಣಿಸಿ ಬಡ್ತಿ ಕೊಟ್ಟರೆ ಒಂದೇ ಪ್ಯಾಚ್ (ಕೋಡಿನ ತಿದ್ದುಪಡಿ) ಹತ್ತು ತುಂಡಾಗಿ ಬರುತ್ತದೆ. ಬೇರೆಯವರ ಕೋಡ್ ರಿವ್ಯೂ ಮಾಡಿದವರು, ಡಾಕ್ಯುಮೆಂಟೇಶನ್ ಬರೆದವರು, ಬಗ್ ವಿಂಗಡಿಸಿದವರು ಲೆಕ್ಕಕ್ಕೇ ಸಿಗುವುದಿಲ್ಲ. ಬಡ್ತಿಗೆ ಹೆಸರು ಸೂಚಿಸುವಾಗ ಈ ಕೆಲಸಗಳ ಲಿಂಕ್‌ಗಳನ್ನೂ ಜೊತೆಗಿಡಿ. ಇನ್ನೂ ದೊಡ್ಡ ಅನ್ಯಾಯ ಸಮಯದ್ದು. ಸಂಬಳದ ವೇಳೆಯಲ್ಲೇ ಪ್ಯಾಚ್ ಬರೆಯುವವರನ್ನೂ ಮನೆಗೆಲಸ ಮುಗಿಸಿ ರಾತ್ರಿ ಕೂರುವವರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಬಿಡುವಿದ್ದವರೇ ಮುಂದೆ ಹೋಗುತ್ತಾರೆ. ಓಪನ್ ಸೋರ್ಸ್ ಕೊಡುಗೆಯನ್ನು ಬಡ್ತಿಗೆ ಪರಿಗಣಿಸುವ ಕಂಪನಿ ಅದಕ್ಕೆ ಕಚೇರಿ ವೇಳೆಯಲ್ಲೇ ಸಮಯ ಬಿಟ್ಟುಕೊಡಬೇಕು.