ಒಂದು ತುಂಡು ಓಟ್ಸ್ ರೊಟ್ಟಿ

ನಿನ್ನೆ ರಾತ್ರಿ ಎರಡೂವರೆವರೆಗೂ ಕೂತು ಒಂದು ಸ್ಕಾಟಿಷ್ ಹಿಸ್ಟಾರಿಕಲ್ ರೊಮ್ಯಾನ್ಸ್ ಮುಗಿಸಿದೆ, ಬೆಳಿಗ್ಗೆಯಿಂದ ಕಣ್ಣು ಉರೀತಿದೆ ಆದ್ರೂ ತಲೇಲಿ ಅದೇ ಓಡ್ತಿದೆ, ಯಾರಿಗಾದ್ರೂ ಹೇಳ್ಲೇಬೇಕು ಅನ್ನಿಸಿ ಬರೀತಿದೀನಿ. ಶತ್ರುಗಳು ಪ್ರೀತಿಸೋ ಕಥೆ ಅಂದ್ರೆ ನಾನು ಬಿಡೋದೇ ಇಲ್ಲ. ಆದ್ರೆ ಎಷ್ಟೋ ಪುಸ್ತಕದಲ್ಲಿ ಶತ್ರುತ್ವ ಅಂದ್ರೆ ಬರೀ ಮಾತಿನ ಜಗಳ, ಐವತ್ತನೇ ಪೇಜಿಗೆ ಕರಗಿಹೋಗುತ್ತೆ. ಇದ್ರಲ್ಲಿ ಹಂಗಿಲ್ಲ. ಅವಳು ಗ್ಲೆನ್‌ಕೋ ಕಣಿವೆಯ ಮ್ಯಾಕ್‌ಡೊನಾಲ್ಡ್ ಹುಡುಗಿ, ಅವನು ಅವರಿಗೆ ಹಗೆಯಾದ ಕ್ಯಾಂಪ್‌ಬೆಲ್ ಕುಲದವನು.

ಗ್ಲೆನ್‌ಕೋ ಬಗ್ಗೆ ಗೊತ್ತಿಲ್ದೇ ಇರೋರಿಗೆ ಸ್ವಲ್ಪ ಹೇಳ್ಬೇಕು. ಹೈಲ್ಯಾಂಡಿನ, ಅಂದ್ರೆ ಸ್ಕಾಟ್ಲೆಂಡಿನ ಬೆಟ್ಟಗಾಡಿನ, ಕುಲದ ಯಜಮಾನರೆಲ್ಲ 1692ರ ಜನವರಿ 1ರೊಳಗೆ ತನಗೆ ನಿಷ್ಠೆಯ ಪ್ರಮಾಣ ಮಾಡ್ಬೇಕು ಅಂತ ವಿಲಿಯಂ ರಾಜನ ಆಜ್ಞೆ ಆಗಿತ್ತು. ಗ್ಲೆನ್‌ಕೋದ ಮುದಿ ಯಜಮಾನ ಮ್ಯಾಕಿಯನ್ ಕೊನೇ ಗಳಿಗೇಲಿ ಫೋರ್ಟ್ ವಿಲಿಯಂಗೆ ಹೋದ, ಇಲ್ಲಿ ಆಗಲ್ಲ ಇನ್ವರರಿ ಊರಿಗೆ ಹೋಗು ಅಂದ್ರು, ಆ ಹಿಮದಲ್ಲಿ ಅಲ್ಲಿಗೆ ಹೋಗಿ ಪ್ರಮಾಣ ಮಾಡೋ ಹೊತ್ತಿಗೆ ಜನವರಿ 6 ಆಗೋಗಿತ್ತು. ಅಷ್ಟೇ ನೆಪ. ಕ್ಯಾಪ್ಟನ್ ರಾಬರ್ಟ್ ಕ್ಯಾಂಪ್‌ಬೆಲ್ ಜೊತೆ ರಾಜನ ನೂರಕ್ಕೂ ಹೆಚ್ಚು ಸೈನಿಕರು ಕಣಿವೆಗೆ ಬಂದು ಅದೇ ಜನರ ಮನೇಲಿ ಹೆಚ್ಚೂಕಡಿಮೆ ಎರಡು ವಾರ ಉಳ್ಕೊಂಡ್ರು, ಅವರ ಒಲೆ ಮುಂದೆ ಕೂತು ಉಂಡ್ರು, ಇಸ್ಪೀಟ್ ಆಡಿದ್ರು, ಆಮೇಲೆ ಫೆಬ್ರವರಿ 13ರ ಬೆಳಗಿನ ಜಾವ ಎದ್ದು ಕೊಲ್ಲೋಕೆ ಶುರು ಮಾಡಿದ್ರು. ಸುಮಾರು 38 ಜನ ಸತ್ರು, ತಪ್ಪಿಸ್ಕೊಂಡು ಬೆಟ್ಟಕ್ಕೆ ಓಡಿದೋರಲ್ಲಿ ಎಷ್ಟೋ ಹೆಂಗಸರು ಮಕ್ಕಳು ಚಳಿಗೆ ಸತ್ರು.

ಉಂಡ ಮನೆಗೆ ಎರಡು ಬಗೆಯೋದು ಅಂತೀವಲ್ಲ, ಅದೇ. ಸ್ಕಾಟ್ಲೆಂಡಿನ ಕಾನೂನಲ್ಲೂ ನಂಬಿಸಿ ಕೊಲ್ಲೋದು ಬೇರೆ ಕೊಲೆಗಿಂತ ದೊಡ್ಡ ಅಪರಾಧ ಆಗಿತ್ತು.

ಕಾದಂಬರಿಯ ಹೀರೋ ಆ ಸೈನಿಕರಲ್ಲಿ ಒಬ್ಬ. ಅವಳ ಮನೇಲೇ ಉಳಿದಿದ್ದೋನು. ಆ ರಾತ್ರಿ ಅವಳನ್ನ ಹಿಂದಿನ ಬಾಗಿಲಿಂದ ಓಡಿಸ್ತಾನೆ, ಆದ್ರೆ ಅವಳ ಅಪ್ಪನ್ನ ಉಳಿಸೋಕೆ ಆಗಲ್ಲ, ಆಗಲ್ವೋ ಅವನು ಪ್ರಯತ್ನಾನೇ ಪಡ್ಲಿಲ್ವೋ ಅನ್ನೋದೇ ಅವಳನ್ನ ಪುಸ್ತಕ ಪೂರ್ತಿ ತಿನ್ನೋ ಪ್ರಶ್ನೆ. ಲೇಖಕಿ ಅವನಿಗೆ ಸುಲಭದ ಕ್ಷಮೆ ಕೊಡಲ್ಲ, ಅದಕ್ಕೇ ನಂಗೆ ಅಷ್ಟು ಇಷ್ಟ ಆಯ್ತು. ಆಜ್ಞೆ ಮೇಲಿಂದ ಬಂದಿತ್ತು, ಸ್ಟೇರ್‌ನ ಡಾಲ್ರಿಂಪಲ್ ಅನ್ನೋ ಮಂತ್ರಿ ಇದರ ಹಿಂದಿದ್ದ, ಆ ಪಡೇಲಿ ಇದ್ದೋರೆಲ್ಲ ಕ್ಯಾಂಪ್‌ಬೆಲ್‌ಗಳೂ ಅಲ್ಲ, ಇದೆಲ್ಲ ನಿಜಾನೇ, ಹೀರೋನೂ ಒಂದ್ಸಲ ಹೇಳ್ತಾನೆ, ಅವಳು "ನಮ್ಮನೆ ಬಟ್ಟಲಲ್ಲಿ ಉಂಡಿದ್ದು ರಾಜನಾ ನೀನಾ" ಅಂತಾಳೆ, ಅವನ ಹತ್ರ ಉತ್ತರ ಇರಲ್ಲ. ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಇದು ಬರೀ ಕಲ್ಪನೆ ಅನ್ಕೊಳ್ಬೇಡಿ. ಮ್ಯಾಕಿಯನ್‌ನ ಕಿರಿ ಸೊಸೆ ಆ ಕ್ಯಾಪ್ಟನ್‌ಗೇ ಹತ್ತಿರದ ಸಂಬಂಧಿ ಆಗ್ಬೇಕಿತ್ತು! ಬೀಗರ ಊರಿಗೇ ಬಂದು ಕೊಂದಿದ್ದು. ಅಂದ್ರೆ ಆ ಎರಡು ಕುಲದ ಮಧ್ಯ ಮದುವೆ, ಮಮತೆ ಎಲ್ಲಾ ಮೊದಲೇ ಇತ್ತು, ಇದು ಗೊತ್ತಾದ್ಮೇಲೆ ಕಥೆ ಇನ್ನೂ ಹತ್ರ ಆಯ್ತು.

ಆಮೇಲೆ ಕಥೇಲಿ ಹೀರೋ ಸೈನ್ಯ ಬಿಟ್ಟು ಮತ್ತೆ ಕಣಿವೆಗೆ ಬರ್ತಾನೆ, ಅವಳ ಸುಟ್ಟ ಮನೆಗೆ ಕಲ್ಲು ಹೊರ್ತಾನೆ, ಛಾವಣಿ ಹೊದಿಸ್ತಾನೆ, ಆದ್ರೆ ಒಳಗೆ ಕಾಲಿಡಲ್ಲ, ನೀರೂ ಮುಟ್ಟಲ್ಲ. ಆ ಮನೇಲಿ ಉಣ್ಣೋ ಹಕ್ಕು ಕಳ್ಕೊಂಡಿದೀನಿ ಅಂತ ಅವನಿಗೆ ಗೊತ್ತು. ಪ್ರೀತಿ ಅನ್ನೋ ಪದ ಇಬ್ಬರ ಬಾಯಲ್ಲೂ ಇನ್ನೂ ಬಂದಿಲ್ಲ, ಮುತ್ತೂ ಇಲ್ಲ, ಮುನ್ನೂರು ಪೇಜ್ ಆಗೋಗಿದೆ. ಒಂದು ಸಂಜೆ ಮಳೇಲಿ ಅವನು ಗೋಡೆಗೆ ಒರಗಿ ಕೂತಿರ್ತಾನೆ. ಅವಳು ಒಲೆಯಿಂದ ಓಟ್ಸ್ ರೊಟ್ಟಿ ತೆಗೆದು ಎರಡು ತುಂಡು ಮಾಡಿ, ಒಂದನ್ನ ಹೊಸ್ತಿಲ ಮೇಲೆ ಇಟ್ಟು ಒಳಗೆ ಹೋಗ್ತಾಳೆ, ಬಾಗಿಲು ಮಾತ್ರ ಹಾಕಲ್ಲ.

ಆ ಪೇಜ್ ನಾಲ್ಕು ಸಲ ಓದಿದೆ.