ಬಟ್ಟಲಲ್ಲೇ ನೀರಾಗುವ ಗಂಜಿ

ಕಕ್ಕುವ ಮಗಳಿಗೆಂದು ಮಾಡಿದ ಗಟ್ಟಿ ರಾಗಿ ಗಂಜಿ ನೀರಾಗುವುದೇಕೆ ಎಂದು ಹನ್ನೊಂದು ದಿನ ತಲೆ ತಿಂದ ಕಗ್ಗಂಟು ಮೊನ್ನೆ ರಾತ್ರಿ ಬಿಚ್ಚಿತು. ಕಳ್ಳರು ಮೂವರು. ಒಬ್ಬ ಅಂಗಡಿಯಿಂದ ಬಂದವನು, ಉಳಿದಿಬ್ಬರು ಮನೆಯೊಳಗಿನವರೇ.

ಮೊದಲ ಹಂತಗಳನ್ನು ಇಲ್ಲಿ ಬರೆಯುವುದಿಲ್ಲ. ಕಕ್ಕುವ ಕೂಸು ಇರುವ ಮನೆಯವರಿಗೆ ಅವು ಬಾಯಿಪಾಠ: ಸ್ವಲ್ಪ ಸ್ವಲ್ಪವೇ ಕುಡಿಸುವುದು, ತೇಗು ಬರಿಸುವುದು, ಅರ್ಧ ಗಂಟೆ ಹೆಗಲಿಗೆ ಹಾಕಿಕೊಂಡು ಪಡಸಾಲೆಯಿಂದ ಅಡುಗೆಮನೆಗೆ ಗಸ್ತು ತಿರುಗುವುದು, ಎಷ್ಟೇ ಕಕ್ಕಲಿ ಮಲಗಿಸುವಾಗ ಅಂಗಾತವೇ ಮಲಗಿಸುವುದು. ಜನವರಿಯಲ್ಲಿ ಕೊಪ್ಪಳದ ಗವಿಮಠದ ಜಾತ್ರೆಯ ಹೊತ್ತಿಗೆ ಮಗಳಿಗೆ ನಾಲ್ಕು ತಿಂಗಳು. ಕಕ್ಕುವುದು ವಿಪರೀತವಾಗಿದ್ದೂ ಆಗಲೇ. ತೇರು ನೋಡಿ ಬಂದ ನನ್ನ ಅಂಗಿಯ ಬೆನ್ನ ಮೇಲೆ ಒಡೆದ ಹಾಲಿನ ಭೂಪಟವೇ ಇತ್ತು. ಆದರೂ ತೂಕ ಏರುತ್ತಿತ್ತು, ಹಸಿರು ವಾಂತಿ ಇರಲಿಲ್ಲ, ರಕ್ತ ಇರಲಿಲ್ಲ, ಹಾಲು ಬೇಡವೆಂದು ಅವಳು ಎಂದೂ ಮುಖ ತಿರುಗಿಸಿದವಳಲ್ಲ. ಅನ್ನನಾಳದ ಕೆಳತುದಿಯ ಬಿಗಿ ಇನ್ನೂ ಬಲಿಯಬೇಕು, ಬಹುಪಾಲು ಮಕ್ಕಳಿಗೆ ವರ್ಷ ತುಂಬುವಷ್ಟರಲ್ಲಿ ಸರಿಹೋಗುತ್ತದೆ ಎಂದು ವೈದ್ಯರು ಔಷಧಿ ಬರೆಯದೆ ಕಳಿಸಿದ್ದರು. ಆರು ತಿಂಗಳು ತುಂಬಿದ ಮೇಲೆ ಗಂಜಿ ಶುರು ಮಾಡಿ ಎಂದಿದ್ದರು.

ನನ್ನ ಲೆಕ್ಕ ಸರಳವಾಗಿತ್ತು. ಗಟ್ಟಿ ಗಂಜಿ ಹಾಲಿನಷ್ಟು ಸಲೀಸಾಗಿ ಮೇಲೆ ಬರುವುದಿಲ್ಲ. ಗಟ್ಟಿ ಮಾಡಿದರೆ ಒಳಗಿನ ಬಿಗಿಯೇನೂ ರಿಪೇರಿಯಾಗುವುದಿಲ್ಲ, ಹೊರಗೆ ಬರುವುದಷ್ಟೇ ಕಡಿಮೆಯಾಗುತ್ತದೆ. ನಮಗೆ ಅಷ್ಟೇ ಸಾಕಾಗಿತ್ತು. ಏಪ್ರಿಲ್ ಬಂದಿದೆ, ನಲ್ಲಿ ನೀರು ಬರುವ ದಿನ ಕಾದು ದುಪಟಿ ಒಗೆಯುತ್ತಿದ್ದೇವೆ.

15 ಗ್ರಾಂ ರಾಗಿ ಹಿಟ್ಟು, 150 ಮಿಲಿ ನೀರು. ಚಮಚ ಓರೆ ಮಾಡಿದರೂ ಜಾರದಂಥ ಗಂಜಿಯಾಗಬೇಕಿತ್ತು. ಪಾತ್ರೆಯಲ್ಲೇ ಸಾರಿನ ತಿಳಿಯಂತಿತ್ತು. ಹಿಟ್ಟನ್ನು ಇಮ್ಮಡಿ ಮಾಡಿದೆ. ಇಳಿಸುವಾಗ ಏನೋ ಹದ ಕಂಡಿತು. ಹತ್ತು ನಿಮಿಷದಲ್ಲಿ ಬಟ್ಟಲಿನ ತಳದಲ್ಲಿ ಮತ್ತೆ ನೀರು. ಅವಳು ಖುಷಿಯಾಗಿ ನುಂಗಿದಳು. ಮುಂದಿನದ್ದು ನನ್ನ ಲುಂಗಿಯ ಮೇಲೆ.

ಕುಷ್ಟಗಿಯಿಂದ ಬಂದಿದ್ದ ಅತ್ತೆಯವರು ದೃಷ್ಟಿ ತಾಗಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಕೂಸು ಬಿಟ್ಟು ಮನೆಯವರೆಲ್ಲ ಕೆಮ್ಮಿದೆವು. ಗಂಜಿ ಮರುದಿನವೂ ನೀರಾಯಿತು.

ಐದನೆಯ ದಿನ ಹಿಟ್ಟಿನ ಪೊಟ್ಟಣವನ್ನು ತಿರುಗಿಸಿ ನೋಡಿದೆ. ಮುಂದುಗಡೆ ದಪ್ಪ ಅಕ್ಷರದಲ್ಲಿ ರಾಗಿ ಹಿಟ್ಟು. ಹಿಂದುಗಡೆ ಇರುವೆ ಗಾತ್ರದ ಅಕ್ಷರದಲ್ಲಿ ‘ಮೊಳಕೆ ಬರಿಸಿದ್ದು’. ಅಂಗಡಿಯವರನ್ನು ಕೇಳಿದರೆ, “ಶಕ್ತಿ ಜಾಸ್ತಿ ಸರ್, ಅದಕ್ಕೇ ಇಪ್ಪತ್ತು ರೂಪಾಯಿ ಹೆಚ್ಚು” ಎಂದರು. ನಾನು ಕೇಳಿದ್ದು ರಾಗಿ ಹಿಟ್ಟನ್ನು. ಶಕ್ತಿಯನ್ನು ಯಾರು ಕೇಳಿದ್ದರು?

ಕಾಳು ಮೊಳೆಯುವಾಗ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಗಂಜಿಯನ್ನು ಗಟ್ಟಿ ಮಾಡುವ ಪಿಷ್ಟವನ್ನು ತುಂಡರಿಸುತ್ತದೆ, ಗಂಜಿ ತೆಳ್ಳಗಾಗುತ್ತದೆ. ತಣ್ಣೀರಿನಲ್ಲಿ ಕದಡಿ ನಿಧಾನ ಬಿಸಿ ಮಾಡಿದರೆ, ಕುದಿ ಬಂದು ಕಿಣ್ವ ಸಾಯುವುದರೊಳಗೆ ಅದರ ಕೆಲಸ ಮುಗಿದಿರುತ್ತದೆ. ಇದು ದೋಷವಲ್ಲ, ಗುಣ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು 1980ರ ದಶಕದಲ್ಲೇ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಶಿಶು ಆಹಾರ ರೂಪಿಸಿದ್ದು ಇದೇ ಕಾರಣಕ್ಕೆ. ಗಂಜಿ ತೆಳ್ಳಗೇ ಇರುತ್ತದೆ, ಆದರೆ ಅದೇ ಬಟ್ಟಲಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ. ಪುಟ್ಟ ಹೊಟ್ಟೆಗೆ ಹೆಚ್ಚು ಆಹಾರ ಸೇರುತ್ತದೆ. ಕಕ್ಕದ ಕೂಸಿಗೆ ನಾನೂ ಅದನ್ನೇ ಕೊಡುತ್ತಿದ್ದೆ.

ಇಡೀ ರಾಗಿ ತಂದು, ತೊಳೆದು, ಒಣಗಿಸಿ, ಹುರಿದು ಗಿರಣಿಗೆ ಹೋದೆ. ನನ್ನ ಮುಂದಿನವರು ಖಾರ ಬೀಸಿಸುತ್ತಿದ್ದರು. ಗಿರಣಿಯವರು ಒಂದು ಹಿಡಿ ಅಕ್ಕಿ ಹಾಕಿ ಕಲ್ಲು ತೊಳೆದಂತೆ ಮಾಡಿದರು. ಆ ಹಿಟ್ಟಿನ ಘಾಟಿಗೆ ಮೂಗು ಉರಿಯಿತು. ಎರಡು ಕಿಲೋ ನಮ್ಮ ರೊಟ್ಟಿಗೆ ಹೋಯಿತು. ಇನ್ನೊಂದು ಗಿರಣಿ, ಮತ್ತೆರಡು ಕಿಲೋ.

ಈ ಸಲ ಪಾತ್ರೆಯಲ್ಲಿ ಗಂಜಿ ಗಟ್ಟಿಯಾಗಿಯೇ ಇತ್ತು. ಬಟ್ಟಲಿಗೆ ಬಂದು ಕಾಲು ಗಂಟೆಯಲ್ಲಿ ಮತ್ತೆ ನೀರು! ಅಂದು ರಾತ್ರಿ ಗಂಜಿಯ ಮೇಲಿನ ಸಿಟ್ಟನ್ನು ಹೆಂಡತಿಯ ಮೇಲೆ ತೀರಿಸಿಕೊಂಡು ಸರಿಯಾಗಿ ಅನ್ನಿಸಿಕೊಂಡೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ. ಮಗಳನ್ನು ಕೂರಿಸಿದ್ದ ಒರಗು ಕುರ್ಚಿಯಲ್ಲಿ ಅವಳು ಹಿಟ್ಟಿನ ಚೀಲದಂತೆ ಕುಸಿಯುತ್ತಾಳೆ, ಹೊಟ್ಟೆ ಮಡಚಿ ಒತ್ತುತ್ತದೆ, ತಿಂದದ್ದು ಮೇಲೆ ಬರುತ್ತದೆ. ಹಾಗಾಗಿ ಮುಂದಿನ ಕೆಲಸ ನೆಟ್ಟಗೆ ಕೂರಿಸುವ, ಪಾದ ಊರಲು ಹಲಗೆ ಇರುವ ಮರದ ಕುರ್ಚಿ. ಅಳತೆ ಬರೆದಿಟ್ಟಿದ್ದೇನೆ. ಕಿನ್ನಾಳದ ಗೊಂಬೆಗಳಿಗೆ ಬಳಸುವಂಥ ಹಗುರ ಮರ ಸಿಕ್ಕರೆ ಎತ್ತಿಡಲು ಸುಲಭ, ಆದರೆ ಭಾರ ತಾಳುತ್ತದೆಯೇ ಎಂದು ಅಲ್ಲಿಗೇ ಹೋಗಿ ಕೇಳಬೇಕು. ಬಣ್ಣ ಮಾತ್ರ ಬೇಡ. ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು.

ಗಂಜಿಗೆ ಬರೋಣ. ರುಚಿ ಹಿಡಿಯಲೆಂದು ಆರಿದ ಗಂಜಿಗೆ ಹೆಂಡತಿ ತನ್ನ ಹಾಲು ಎರಡು ಚಮಚ ಬೆರೆಸುತ್ತಿದ್ದಳು. ತಾಯಿಯ ಹಾಲಿನಲ್ಲೂ ಅಮೈಲೇಸ್ ಇರುತ್ತದೆ ಎಂದು ನನಗೆ ಹೊಳೆದದ್ದು ಒಂಬತ್ತನೆಯ ದಿನ. ಹೊಳೆದರೆ ಸಾಲದು, ತೋರಿಸಬೇಕು. ನಾಲ್ಕು ಬಟ್ಟಲು, ನಾಲ್ಕರಲ್ಲೂ ಒಂದೇ ಗಂಜಿ, ಉಗುರುಬೆಚ್ಚಗೆ. ಮೊದಲನೆಯದಕ್ಕೆ ಏನೂ ಇಲ್ಲ. ಎರಡನೆಯದಕ್ಕೆ ಎರಡು ಚಮಚ ನೀರು. ಮೂರನೆಯದಕ್ಕೆ ಅಷ್ಟೇ ತಾಯಿ ಹಾಲು. ನಾಲ್ಕನೆಯದರಲ್ಲಿ ಮಗಳು ಚೀಪಿದ ಚಮಚ ಮೂರು ಸಲ ಅದ್ದಿ ತಿರುಗಿಸಿದೆ. ಹದಿನೈದು ನಿಮಿಷ ಬಿಟ್ಟು ಎಲ್ಲಕ್ಕೂ ಗಾಯಕ್ಕೆ ಹಚ್ಚುವ ಪೊವಿಡೋನ್ ಅಯೋಡಿನ್ ಒಂದೊಂದು ಹನಿ. ಪಿಷ್ಟ ಇದ್ದರೆ ಕಪ್ಪುನೀಲಿಯಾಗಬೇಕು.

ಏನೂ ಕಾಣಲಿಲ್ಲ. ರಾಗಿಯ ಕಂದಿನಲ್ಲಿ ಯಾವ ನೀಲಿ ಕಂಡೀತು? ನನ್ನ ಬುದ್ಧಿಗಿಷ್ಟು. ಗಂಗಾವತಿಯ ಸೋನಾ ಮಸೂರಿ ಅಕ್ಕಿಯ ಗಂಜಿ ಮಾಡಿ ಮತ್ತೆ ಮೊದಲಿನಿಂದ ಶುರು ಮಾಡಿದೆ. “ಕೂಸಿನ ಗಂಜಿಗೆ ಗಾಯದ ಔಷಧಿ ಹಾಕುತ್ತೀರಾ?” ಎಂದು ಅತ್ತೆಯವರು ಬಾಗಿಲಲ್ಲೇ ನಿಂತರು. ಈ ಬಟ್ಟಲುಗಳು ಕೂಸಿನ ಹತ್ತಿರ ಸುಳಿಯುವುದಿಲ್ಲ ಎಂದು ಎರಡು ಸಲ ಆಣೆ ಇಡಬೇಕಾಯಿತು.

ಮೊದಲೆರಡು ಬಟ್ಟಲು ಕಾಡಿಗೆಯಂತೆ ಕಪ್ಪುನೀಲಿ. ಹಾಲಿನದು ತೆಳ್ಳಗಾಗಿ, ಹನಿ ಬಿದ್ದಲ್ಲಿ ಬರೀ ಕೆಂಪುಕಂದು. ನಾಲ್ಕನೆಯದರಲ್ಲಿ ಚಮಚ ಓಡಾಡಿದ ದಾರಿಯಲ್ಲಿ ನೀರು ನಿಂತಿತ್ತು, ಅಂಚಿನಲ್ಲಿ ಮುದ್ದೆ ಹಾಗೇ ಇತ್ತು. ಜೊಲ್ಲಿನ ಅಮೈಲೇಸ್! ಅವಳು ಚೀಪಿದ ಚಮಚವನ್ನೇ ನಾನು ಪ್ರತಿ ಸಲ ಬಟ್ಟಲಿಗೆ ಅದ್ದುತ್ತಿದ್ದೆ.

ಈಗಿನ ಕ್ರಮ: ಹುರಿದ, ಮೊಳೆಯದ ರಾಗಿ. ಹಾಲು ಎದೆಯಿಂದಲೇ, ಗಂಜಿಯ ಜೊತೆಗಲ್ಲ. ದೊಡ್ಡ ಬಟ್ಟಲಿನಿಂದ ಒಣ ಚಮಚದಲ್ಲಿ ಚಿಕ್ಕ ತಟ್ಟೆಗೆ ತೆಗೆದು, ತಿನ್ನಿಸುವ ಚಮಚ ತಟ್ಟೆಗೆ ಮಾತ್ರ. ಎರಡು ದಿನದ ಫಲಿತಾಂಶ: ಎದೆಗೆ ಕಟ್ಟುವ ಬಟ್ಟೆ ದಿನಕ್ಕೆ ಒಂಬತ್ತರಿಂದ ಮೂರಕ್ಕೆ ಇಳಿದಿದೆ. ಎರಡೇ ದಿನ, ಒಂದೇ ಕೂಸು, ಆದ್ದರಿಂದ ಕುಣಿಯುತ್ತಿಲ್ಲ. ಗಟ್ಟಿಯಾದ ಗಂಜಿಗೆ ಮಲ ಬಿಗಿಯಾಗುತ್ತದೆಯೇ ಎಂದೂ ಕಣ್ಣಿಟ್ಟಿದ್ದೇನೆ.

ನಾಡಿದ್ದು ಜೋಳ. ಬೆಳಗ್ಗೆ ಏಳಕ್ಕೆ, ಖಾರದವರು ಬರುವ ಮುಂಚೆ ಬಂದರೆ ಮೊದಲು ನಿಮ್ಮದನ್ನೇ ಬೀಸಿಕೊಡುತ್ತೇನೆ ಎಂದು ಗಿರಣಿಯವರು ಒಪ್ಪಿದ್ದಾರೆ, ಕರೆಂಟ್ ಇದ್ದರೆ.