ಸುತ್ತಿಗೆಗೆ ಮೊದಲು ತಂತಿ ಬ್ರಷ್

ಒತ್ತಡದ ಕೊಳವೆಗಳನ್ನು ಜೋಡಿಸುವ ಯೂನಿಯನ್ನುಗಳ ಮೇಲೆ ಒತ್ತಡದ ಮಿತಿ ಹೇಳುವ ಅಂಕಿಗಳಿರುತ್ತವೆ. ಎರಡು ಇಂಚಿನ 1502 ಯೂನಿಯನ್ನಿನ ನಟ್, ಎರಡು ಇಂಚಿನ 602ರ ಥ್ರೆಡ್ ಮೇಲೆ ಏರಬಾರದು. ಆದರೆ ಏರುತ್ತದೆ. ಕೈಯಲ್ಲೇ ಸರಾಗವಾಗಿ ತಿರುಗುತ್ತದೆ, ಸುತ್ತಿಗೆಯಿಂದ ಹೊಡೆದರೆ ಬಿಗಿಯಾಗುತ್ತದೆ, ನೀರು ತುಂಬಿಸಿ ಒತ್ತಡ ಕೊಟ್ಟರೆ ಕೆಲವೊಮ್ಮೆ ತಡೆದುಕೊಂಡು ನಿಲ್ಲುತ್ತದೆ ಕೂಡ. ಆಮೇಲೆ ಯಾವುದೋ ಒಂದು ಗಳಿಗೆಯಲ್ಲಿ ಕಿತ್ತು ಹಾರುತ್ತದೆ. ಎಣ್ಣೆ ಬಾವಿಯ ಸಿಮೆಂಟಿಂಗ್ ಕೆಲಸಕ್ಕೆ ಬರುತ್ತೇನೆ ಎನ್ನುವ ಯಾರಿಗೇ ಆಗಲಿ, ನಾನು ಮೊದಲು ಹೇಳುವುದು ಇದನ್ನೇ.

ಹೇಳಬೇಕಾದ ಸಂದರ್ಭಗಳು ಈಚೆಗೆ ಹೆಚ್ಚಾಗಿವೆ. ನಾನು ಶಿರಸಿ ಕಡೆಯ ಅಡಿಕೆ ತೋಟದ ಮನೆಯವನು, ಸಿಮೆಂಟಿಂಗ್ ಪಂಪಿನ ಆಪರೇಟರ್. ರಜೆಗೆ ಊರಿಗೆ ಬಂದಾಗಲೆಲ್ಲ ಕುಮಟಾ, ಅಂಕೋಲಾ, ಕಾರವಾರ ಕಡೆಯ ಹುಡುಗರು ಐಟಿಐ ಪ್ರಮಾಣಪತ್ರದ ನಕಲು ಹಿಡಿದು ಯಾರದೋ ಪರಿಚಯ ಹೇಳಿಕೊಂಡು ಬರುತ್ತಾರೆ. ನಮ್ಮ ಜಿಲ್ಲೆಯಲ್ಲಿ ಫಿಟ್ಟರುಗಳಿಗೆ ಬರವಿಲ್ಲ. ಕೈಗಾದ ಅಣುಸ್ಥಾವರ ಇದೆ, ಕಾರವಾರದ ನೌಕಾನೆಲೆ ಇದೆ, ದಾಂಡೇಲಿಯ ಕಾಗದದ ಕಾರ್ಖಾನೆ ಇದೆ. ಎಣ್ಣೆ ಬಾವಿ ಮಾತ್ರ ಇಲ್ಲ. ಅದಕ್ಕಾಗಿ ದೇವಿಮನೆ ಘಟ್ಟ ಇಳಿದು, ಕುಮಟಾದಲ್ಲಿ ಕೊಂಕಣ ರೈಲು ಹಿಡಿದು, ರಾಜಸ್ಥಾನದ ಬಾರ್ಮೇರಿಗೋ ಅಸ್ಸಾಮಿಗೋ ಕಡಲ ನಡುವಿನ ಮುಂಬೈ ಹೈಗೋ ಹೋಗಬೇಕು. ಹೀಗಾಗಿ ಊರಿನಲ್ಲಿ ನನ್ನ ಕೆಲಸ ಏನೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕೊಟ್ಟಿಗೆಯ ನೆಲಕ್ಕೆ ಎಷ್ಟು ಚೀಲ ಸಿಮೆಂಟು ಬೇಕಾದೀತು ಎಂದು ನನ್ನನ್ನು ಇಂದಿಗೂ ಕೇಳುವ ನೆಂಟರಿದ್ದಾರೆ. ನಾನೂ ಒಂದು ಅಂದಾಜು ಹೇಳಿಬಿಡುತ್ತೇನೆ.

ಬಾವಿಯ ಸಿಮೆಂಟಿನ ಕೆಲಸ ಹೀಗೆ: ಕೊರೆದ ರಂಧ್ರದೊಳಗೆ ಉಕ್ಕಿನ ಕೇಸಿಂಗ್ ಕೊಳವೆಯನ್ನು ಇಳಿಸಿರುತ್ತಾರೆ. ಕೊಳವೆಗೂ ಬಂಡೆಗೂ ನಡುವೆ ಸುತ್ತಲೂ ಉಳಿಯುವ ಸಂದನ್ನು ಸಿಮೆಂಟಿನಿಂದ ಮುಚ್ಚಬೇಕು. ಇಲ್ಲವಾದರೆ ಕೆಳಗಿನ ಅನಿಲವೂ ಉಪ್ಪುನೀರೂ ಅಲ್ಲೇ ದಾರಿ ಮಾಡಿಕೊಂಡು ಮೇಲೇರುತ್ತವೆ. 2010ರ ಏಪ್ರಿಲಿನಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಎಂಬ ಬಾವಿ ಕೊರೆಯುವ ರಿಗ್ ಹೊತ್ತಿ ಉರಿದು 11 ಮಂದಿ ಸತ್ತರಲ್ಲ, ಆ ದುರಂತದ ಕಾರಣಗಳ ಸಾಲಿನಲ್ಲಿ ಬಾವಿಯ ತಳದಲ್ಲಿ ಕೈಕೊಟ್ಟ ಸಿಮೆಂಟೂ ಒಂದು. ಸಂದಿನೊಳಗೆ ಮೇಲಿನಿಂದ ಸುರಿದರೆ ಆಗುವುದಿಲ್ಲ. ನೀರಿನಲ್ಲಿ ಕಲಸಿದ ಸಿಮೆಂಟಿನ ಹಾಲನ್ನು ಕೊಳವೆಯೊಳಗೆ ತಳದವರೆಗೆ ತಳ್ಳಿ, ಅಲ್ಲಿಂದ ಹೊರಳಿಸಿ, ಸಂದಿನಲ್ಲಿ ಮೇಲಕ್ಕೆ ಏರಿಸಬೇಕು. ಕೊರೆಯುವಾಗ ಬಳಸಿದ ಕೆಸರಿನೊಂದಿಗೆ ಅದು ಬೆರೆಯದಂತೆ ಮುಂದೊಂದು ರಬ್ಬರ್ ಪ್ಲಗ್, ಹಿಂದೊಂದು ರಬ್ಬರ್ ಪ್ಲಗ್. ಕ್ಯಾಲಿಫೋರ್ನಿಯಾದ ಆಲ್ಮಂಡ್ ಪರ್ಕಿನ್ಸ್ 1910ರ ಸುಮಾರಿಗೆ ಬಳಕೆಗೆ ತಂದ ಈ ಎರಡು ಪ್ಲಗ್ಗುಗಳ ಉಪಾಯವನ್ನೇ ನಾವು ಇಂದಿಗೂ ನೆಚ್ಚಿಕೊಂಡಿದ್ದೇವೆ. ಹಿಂದಿನ ಪ್ಲಗ್ ತಳ ಮುಟ್ಟಿದಾಗ ಒತ್ತಡದ ಮುಳ್ಳು ಒಮ್ಮೆಲೇ ಜಿಗಿಯುತ್ತದೆ. ಕೆಲಸ ಮುಗಿದದ್ದು ನಮಗೆ ಗೊತ್ತಾಗುವುದು ಆಗಲೇ.

ನೆನಪಿಡಬೇಕಾದ ಸಂಗತಿಯೆಂದರೆ, ಈ ಹಾಲು ನಮಗಾಗಿ ಕಾದು ನಿಲ್ಲುವುದಿಲ್ಲ. ಲೀಟರಿಗೆ ಸುಮಾರು 1.9 ಕಿಲೋ ತೂಗುವ ಈ ದ್ರವ ಕಲಸಿದ ಕ್ಷಣದಿಂದಲೇ ಗಟ್ಟಿಯಾಗುವ ಹಾದಿಯಲ್ಲಿರುತ್ತದೆ. ಅರ್ಧ ಸಿಮೆಂಟು ಕೊಳವೆಯೊಳಗಿರುವಾಗ ಮೇಲಿನ ಲೈನಿನಲ್ಲಿ ಒಂದು ಜೋಡಣೆ ಸೋರಿತೆಂದರೆ, ನಿಲ್ಲಿಸಿದರೆ ಬಾವಿ ಹಾಳು, ಮುಂದುವರಿಸಿದರೆ ಜನರಿಗೆ ಅಪಾಯ. ಆದ್ದರಿಂದ ಜೋಡಣೆಯ ತಪ್ಪುಗಳನ್ನೆಲ್ಲ ಪಂಪ್ ಶುರುವಾಗುವ ಮೊದಲೇ ಹಿಡಿಯಬೇಕು.

ಪಂಪ್ ಲಾರಿಯಿಂದ ರಿಗ್ಗಿನ ನೆಲದ ಮೇಲೆ ಕೇಸಿಂಗಿನ ಬಾಯಿಗೆ ಕೂರಿಸಿರುವ ಸಿಮೆಂಟಿಂಗ್ ಹೆಡ್‌ವರೆಗಿನ ಲೈನನ್ನು ನಾವು ‘ಐರನ್’ ಎಂದೇ ಕರೆಯುತ್ತೇವೆ. ನೇರ ಕೊಳವೆಗಳು, ಪ್ಲಗ್ ವಾಲ್ವ್, ಒತ್ತಡ ಇಳಿಸುವ ಕವಲು, ಒತ್ತಡದ ಸೆನ್ಸರ್, ನಡುನಡುವೆ ಬಾಗಿ ತಿರುಗುವ ಸ್ವಿವೆಲ್‌ಗಳು. ಸ್ವಿವೆಲ್ಲಿಗೆ ರಿಗ್ಗುಗಳಲ್ಲಿ ಎಲ್ಲರೂ ಚಿಕ್‌ಸಾನ್ ಎನ್ನುತ್ತಾರೆ, ಅದು ಒಂದು ಬ್ರಾಂಡಿನ ಹೆಸರು. ಒಳಗೆ ಗುಂಡುಗಳ ಸಾಲಿರುವುದರಿಂದ ಅದು ಎತ್ತ ಬೇಕಾದರೂ ತಿರುಗುತ್ತದೆ. ಸಿಮೆಂಟು ಹೋಗುತ್ತಿರುವಾಗ ಕೇಸಿಂಗ್ ಕೊಳವೆಯನ್ನು ಮೇಲೆ ಕೆಳಗೆ ಆಡಿಸುವುದುಂಟು. ಆಗ ಲೈನ್ ಬಾಗದಿದ್ದರೆ ಮುರಿಯುತ್ತದೆ. ಸ್ವಿವೆಲ್ ಕೈಯಿಂದ ತಿರುಗಬೇಕು. ಹಗ್ಗ ಕಟ್ಟಿ, ಸಲಾಕೆ ತೂರಿಸಿ ತಿರುಗಿಸಬೇಕಾಗಿ ಬಂದದ್ದು ಕಾರ್ಯಾಗಾರಕ್ಕೆ ವಾಪಸು ಹೋಗಬೇಕಾದ ತುಂಡು. ಬಾಗಿನ ಹೊರಮೈ ಒಳಗಿನಿಂದ ಸವೆಯುತ್ತಾ ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಅಲ್ಟ್ರಾಸೌಂಡ್ ಉಪಕರಣದಿಂದ ಲೋಹದ ದಪ್ಪ ಅಳೆದು, ದಿನಾಂಕದ ಪಟ್ಟಿ ಕಟ್ಟುವ ಪದ್ಧತಿ ಇರುವುದು ಇದಕ್ಕೇ. ಪಟ್ಟಿಯಿಲ್ಲದ ತುಂಡನ್ನು ಲೈನಿಗೆ ಹಾಕುವುದಿಲ್ಲ.

ಈ ತುಂಡುಗಳನ್ನೆಲ್ಲ ಒಂದಕ್ಕೊಂದು ಸೇರಿಸುವುದು ಹ್ಯಾಮರ್ ಯೂನಿಯನ್. ಒಂದು ತುದಿಯಲ್ಲಿ ದುಂಡು ಮೂತಿ, ಅದರ ಹಿಂದೆ ಮೂರು ಕಿವಿಗಳ ದಪ್ಪ ನಟ್. ಇನ್ನೊಂದು ತುದಿಯ ಹೊರಮೈಯಲ್ಲಿ ಅಗಲ ಹಲ್ಲಿನ ಥ್ರೆಡ್, ಒಳಗೆ ರಬ್ಬರ್ ಸೀಲ್. ಮೂತಿಯನ್ನು ಕೂರಿಸಿ, ನಟ್ ತಿರುಗಿಸಿ, ಕಿವಿಗೆ ಸುತ್ತಿಗೆಯಿಂದ ಹೊಡೆಯುವುದು. ಸ್ಪ್ಯಾನರ್ ಬೇಡ, ಕತ್ತಲಲ್ಲೂ ಕೆಸರಲ್ಲೂ ಆಗುವ ಕೆಲಸ. ಅದರ ಮೇಲಿನ ಅಂಕಿಗಳು ಒತ್ತಡದ ಮಿತಿ ಹೇಳುತ್ತವೆ. 602 ಎಂದರೆ 6,000 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡು), 1002 ಎಂದರೆ 10,000, 1502 ಎಂದರೆ 15,000. ಎರಡು ಇಂಚಿನ ಅಳತೆಯಲ್ಲಿ 602 ಮತ್ತು 1002ರ ಥ್ರೆಡ್ ಹೊರಗಿನ ಅಳತೆಗಿಂತ 1502ರದ್ದು ಕೊಂಚವೇ ದೊಡ್ಡದು. ಆ ‘ಕೊಂಚ’ದಲ್ಲೇ ಇಡೀ ಅಪಾಯವಿದೆ. 1502ರ ನಟ್ ಚಿಕ್ಕ ಥ್ರೆಡ್ ಮೇಲೆ ಹೋಗಿ ಕೂರುತ್ತದೆ, ಆದರೆ ಹಲ್ಲುಗಳು ಪೂರ್ತಿ ಕಚ್ಚಿರುವುದಿಲ್ಲ, ತುದಿಗಳು ಮಾತ್ರ ತಾಗಿಕೊಂಡಿರುತ್ತವೆ.

ತಾಗಿಕೊಂಡ ಆ ತುದಿಗಳ ಮೇಲೆ ಬೀಳುವ ಭಾರವನ್ನು ಲೆಕ್ಕ ಹಾಕಿ ನೋಡಿ. ಎರಡು ಇಂಚು ವ್ಯಾಸದ ವಿಸ್ತೀರ್ಣ 3.14 ಚದರ ಇಂಚು. 5,000 ಪಿಎಸ್ಐ ಒತ್ತಡದಲ್ಲಿ ಜೋಡಣೆಯನ್ನು ಎಳೆದು ಬೇರ್ಪಡಿಸಲು ನೋಡುವ ಬಲ 15,700 ಪೌಂಡು, ಅಂದರೆ ಏಳು ಟನ್ನಿಗೂ ಮೇಲೆ. ಈ ಕೆಲಸಕ್ಕೆ ಹೋಗುವ ಹುಡುಗರಿಗೆ ನಾನು ಈ ಗುಣಾಕಾರವನ್ನು ಕಾಗದದ ಮೇಲೆ ಅವರ ಕೈಯಲ್ಲೇ ಮಾಡಿಸುತ್ತೇನೆ. ಸುರಕ್ಷತೆಯ ಪೋಸ್ಟರು ಮಾಡದ ಕೆಲಸವನ್ನು ಒಂದು ಗುಣಾಕಾರ ಮಾಡುತ್ತದೆ.

ಹಾಗಾದರೆ ಅಂಕಿ ಓದಿದರೆ ಸಾಕಲ್ಲವೇ? ಸಾಲದು. ಅಂಕಿ ಎದ್ದು ಕಾಣುವುದು ನಟ್ಟಿನ ಮೇಲೆ, ಆದರೆ ಕೆಲವು ಯೂನಿಯನ್ನುಗಳಲ್ಲಿ ನಟ್ ಕಳಚಿ ಬೇರೆ ಹಾಕಬಹುದು. ಥ್ರೆಡ್ ಇರುವ ಎದುರು ತುದಿಯ ಅಂಕಿಯನ್ನು ಪ್ರತ್ಯೇಕವಾಗಿ ಹುಡುಕಬೇಕು, ಅದು ಬಹುಪಾಲು ಬಣ್ಣದ ಕೆಳಗೆ ಅಡಗಿರುತ್ತದೆ. ಬಣ್ಣವನ್ನಂತೂ ನಂಬಲೇಬಾರದು, ಒಬ್ಬೊಬ್ಬರ ಸಾಮಾನಿನ ಅಂಗಳದಲ್ಲಿ ಒಂದೊಂದು ಬಣ್ಣದ ಪದ್ಧತಿ.

ಮರುಭೂಮಿಯ ಒಂದು ಬಾವಿಯಲ್ಲಿ ನಮ್ಮ 1502 ಲೈನಿಗೆ ಒಂದು ತುಂಡು ಸಾಲದೆ ಬಂತು. ಅಲ್ಲೇ ಇದ್ದ ಬೇರೆ ತಂಡದ ಪೆಟ್ಟಿಗೆಯಿಂದ ಎರವಲು ತಂದರು. ಪದರದ ಮೇಲೆ ಪದರ ಕೆಂಪು ಬಣ್ಣ ಬಳಿದಿದ್ದ ತುಂಡು, ನೋಡಲು ಹೊಸದರಂತಿತ್ತು. ನಟ್ ಕೈಯಲ್ಲಿ ಸುತ್ತಿದಾಗ ಸ್ವಲ್ಪ ಅಲುಗಾಡಿತು. ಮೇಲ್ವಿಚಾರಕ ‘ಎರಡು ಹೊಡೆತ ಹೆಚ್ಚು ಹಾಕಿ’ ಎಂದರು. ನಮ್ಮ ತಂಡದ ಹಿರಿಯ, ಅಸ್ಸಾಮಿನವರು, ಸುತ್ತಿಗೆ ಕೆಳಗಿಟ್ಟು ತಂತಿ ಬ್ರಷ್ ಕೇಳಿದರು. ಉಜ್ಜುತ್ತಾ ಹೋದಂತೆ ಥ್ರೆಡ್ ಹಿಂದಿನ ಅಂಚಿನಲ್ಲಿ ಅಂಕಿ ಕಾಣಿಸಿತು: 1002. ಅವರು ಒಂದೂ ಮಾತಾಡಲಿಲ್ಲ. ತುಂಡಿಗೆ ಕೆಂಪು ಪಟ್ಟಿ ಸುತ್ತಿ ಪಕ್ಕಕ್ಕಿಟ್ಟರು. ನಮ್ಮದೇ ಗೋದಾಮಿನಿಂದ ಸರಿಯಾದದ್ದು ಬರುವವರೆಗೆ ಇಡೀ ರಿಗ್ ಕಾಯಿತು, ಮೇಲ್ವಿಚಾರಕರ ಮುಖ ಬಿಗಿದುಕೊಂಡೇ ಇತ್ತು. ಕೆಲಸ ಮುಗಿದ ಮೇಲೂ ಯಾರೂ ಹಿರಿಯರನ್ನು ಹೊಗಳಲಿಲ್ಲ. ಆಗದೆ ಹೋದ ಅಪಘಾತಕ್ಕೆ ವರದಿಯಲ್ಲಿ ಜಾಗ ಕಡಿಮೆ. ತಡವಾದದ್ದಕ್ಕೆ ಮಾತ್ರ ಒಂದು ಪ್ರತ್ಯೇಕ ಕಾಲಂ ಇದೆ.

ಇಂಥ ತುಂಡನ್ನು ಹಿಡಿಯಲೆಂದೇ ಒಂದು ಉಕ್ಕಿನ ಉಂಗುರ ಸಿಗುತ್ತದೆ, ಗೇಜ್. 602, 1002ರ ಥ್ರೆಡ್ ಮೇಲೆ ಅದು ಸಲೀಸಾಗಿ ಜಾರಿ ಹೋಗುತ್ತದೆ, 1502ರ ಮೇಲೆ ಹೋಗುವುದಿಲ್ಲ. ಓದುಬರಹ ಬಾರದವನೂ ಬಳಸಬಹುದಾದ ಸಾಧನ. ಆ ದಿನ ನಮ್ಮ ಗೇಜ್ ಎಲ್ಲಿತ್ತು ಎಂದರೆ, ಕಳೆದುಹೋಗಬಾರದೆಂದು ಕಚೇರಿಯ ಡ್ರಾಯರಿನಲ್ಲಿ ಬೀಗ ಹಾಕಿ ಇಟ್ಟಿದ್ದರು.

ಸುತ್ತಿಗೆಯ ಸದ್ದು ಜನರನ್ನು ಮೋಸಗೊಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಠಣ್ ಎಂದು ಗಟ್ಟಿಯಾಗಿ ಕೇಳಿದರೆ ಎಲ್ಲರಿಗೂ ಸಮಾಧಾನ. ಆದರೆ ಬಿಗಿಯಾಗಿದೆ ಎಂಬುದಷ್ಟೇ ಆ ಸದ್ದಿನ ಅರ್ಥ, ಜೋಡಿ ಸರಿಯಿದೆ ಎಂದಲ್ಲ. ಹೊಡೆದೂ ಹೊಡೆದೂ ನಟ್ಟಿನ ಕಿವಿಗಳ ಅಂಚು ಚಪ್ಪಟೆಯಾಗಿ ಹೊರಚಾಚಿಕೊಂಡಿರುತ್ತದೆ, ಮುಂದಿನ ಹೊಡೆತಕ್ಕೆ ಆ ಚೂರು ಸಿಡಿದು ಕಣ್ಣಿಗೆ ಬೀಳಬಹುದು. ಅಂಥ ಅಂಚನ್ನು ಉಜ್ಜಿ ತೆಗೆಯಬೇಕು, ಕನ್ನಡಕ ತೆಗೆಯಬಾರದು.

ಒತ್ತಡದ ಪರೀಕ್ಷೆಯ ಬಗ್ಗೆಯೂ ಹೇಳಬೇಕು, ಅದನ್ನು ಶಾಸ್ತ್ರಕ್ಕೆ ಮಾಡುವವರೇ ಹೆಚ್ಚು. ಲೈನಿಗೆ ನೀರು ತುಂಬಿಸುವಾಗ ಕೊನೆಯ ವಾಲ್ವ್ ತೆರೆದಿಟ್ಟು, ಗಾಳಿ ಪೂರ್ತಿ ಹೋಗಿ ನೀರು ಒಂದೇ ಧಾರೆಯಾಗಿ ಬರುವವರೆಗೆ ಬಿಡಬೇಕು. ನೀರು ಹೆಚ್ಚು ಕುಗ್ಗುವುದಿಲ್ಲ, ಹಾಗಾಗಿ ಎಲ್ಲಾದರೂ ಬಿಟ್ಟುಕೊಂಡರೆ ಒತ್ತಡ ತಟ್ಟನೆ ಇಳಿದುಹೋಗುತ್ತದೆ. ಸಿಕ್ಕಿಕೊಂಡ ಗಾಳಿ ಕುಗ್ಗಿ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಟ್ಟುಕೊಂಡ ತುಂಡನ್ನು ಎಸೆಯುವುದು ಆ ಶಕ್ತಿ. ಮೊದಲು ಕಡಿಮೆ ಒತ್ತಡ ಕೊಟ್ಟು ಸೋರಿಕೆ ನೋಡುವುದು, ಆಮೇಲೆ ಕೆಲಸದಲ್ಲಿ ಬರಬಹುದಾದ ಗರಿಷ್ಠಕ್ಕಿಂತ ಮೇಲೆ ಏರಿಸಿ ಹಿಡಿದು ನಿಲ್ಲಿಸುವುದು. ಪಂಪ್ ತಾನಾಗಿ ನಿಲ್ಲುವ ಮಿತಿಯನ್ನು ಅದಕ್ಕೂ ಮೊದಲೇ ಹಾಕಿರಬೇಕು. ಹನಿ ಕಂಡರೆ ಒತ್ತಡವನ್ನು ಸೊನ್ನೆಗೆ ಇಳಿಸಿದ ಮೇಲಷ್ಟೇ ಹತ್ತಿರ ಹೋಗುವುದು. ಒತ್ತಡವಿರುವ ಯೂನಿಯನ್ನಿಗೆ ಸುತ್ತಿಗೆ ಹಾಕುವವನನ್ನು ಕಂಡರೆ, ಅವನು ಎಷ್ಟೇ ಹಿರಿಯನಾಗಿರಲಿ, ಕೂಗಿ ನಿಲ್ಲಿಸಿ. ಲೈನಿನುದ್ದಕ್ಕೂ ಗಟ್ಟಿ ನಾರಿನ ಪಟ್ಟಿಗಳನ್ನು ಹೆಣೆದು ಎರಡೂ ತುದಿಗಳಲ್ಲಿ ಭದ್ರವಾಗಿ ಕಟ್ಟಿರುತ್ತೇವೆ, ಕಿತ್ತುಕೊಂಡರೂ ಕಬ್ಬಿಣ ದೂರ ಹಾರದಿರಲಿ ಎಂದು. ತುದಿ ಕಟ್ಟದ ಪಟ್ಟಿ ಬರೀ ಅಲಂಕಾರ.

ಇಷ್ಟೆಲ್ಲ ಎಚ್ಚರಿಕೆ ಹೆಚ್ಚು ಒತ್ತಡದ ಕಡೆಗೆ. ಆದರೆ ಹುಡುಗರು ಮೈಮರೆಯುವುದು ಕಡಿಮೆ ಒತ್ತಡದ ಹೋಸುಗಳ ಹತ್ತಿರ. ಸಿಮೆಂಟಿನ ಪುಡಿ ಅದನ್ನು ತುಂಬಿಡುವ ದೊಡ್ಡ ಟ್ಯಾಂಕಾದ ಸಿಲೋದಿಂದ ಕಲಸುವ ತೊಟ್ಟಿಗೆ ಬರುವುದು ಗಾಳಿಯ ಒತ್ತಡದಲ್ಲಿ, ಸುಮಾರು 30 ಪಿಎಸ್ಐ. ‘ಮೂವತ್ತು ತಾನೇ’ ಎನ್ನುತ್ತಾರೆ. ನಾಲ್ಕು ಇಂಚಿನ ಹೋಸಿನ ಬಾಯಿ ಹನ್ನೆರಡೂವರೆ ಚದರ ಇಂಚು. ಅದರ ಮೇಲೆ ಮೂವತ್ತು ಎಂದರೆ 170 ಕಿಲೋ ತಳ್ಳುವ ಬಲ, ಜೊತೆಗೆ ಸಿಲೋದಲ್ಲಿ ತುಂಬಿದ ಗಾಳಿ ಅಷ್ಟು ಬೇಗ ಖಾಲಿಯಾಗುವುದೂ ಇಲ್ಲ. ನಮ್ಮ ತೋಟಗಳಲ್ಲಿ ಮಳೆಗಾಲದ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಪಂಪಿನ ಬಳಿ ತಂತಿ ಸುತ್ತಿದ ಜೋಡಣೆ ಕಳಚಿಕೊಂಡರೆ, ಕೆಳಗಿದ್ದವರೆಲ್ಲ ನೀಲಿಯಾಗುತ್ತಾರೆ, ಮರದ ತುದಿಯಿಂದ, ಅಡಿಕೆ ಮರವೇರುವ ಕೊನೆಗೌಡ ಬೈಯುತ್ತಾನೆ, ಅಲ್ಲಿಗೆ ಮುಗಿಯಿತು. ಆ ಅಭ್ಯಾಸದಲ್ಲಿ ಬೆಳೆದ ನಮ್ಮ ಕಡೆಯವರು ಹೋಸ್ ಕಳಚುವುದನ್ನು ತಮಾಷೆಯೆಂದೇ ತಿಳಿದಿರುತ್ತಾರೆ. ಸಿಲೋದ ಹೋಸ್ ಕಳಚಿಕೊಂಡರೆ ಅದರ ಲೋಹದ ತಲೆ ಗಿರಗಿರನೆ ಬೀಸುತ್ತಾ ಸಿಕ್ಕಿದವರ ಮೂಳೆ ಮುರಿಯುತ್ತದೆ. ಹೋಸ್ ಜೋಡಿಸುವ ಕ್ಯಾಮ್‌ಲಾಕ್ ಕಪ್ಲಿಂಗಿನ ಎರಡೂ ಕಿವಿಗಳಿಗೆ ಪಿನ್ ಬೇಕು. ಗಾಳಿಯ ಹೋಸಿನ ಕಪ್ಲಿಂಗಿಗೆ ಪಿನ್ನಿನ ಜೊತೆ ಎರಡೂ ಬದಿ ಹಿಡಿದಿಡುವ ತಂತಿಹಗ್ಗವೂ ಬೇಕು. ಪಿನ್ ಕಳೆದುಹೋದಲ್ಲಿ ಬೈಂಡಿಂಗ್ ತಂತಿ ಸುತ್ತುವವರಿದ್ದಾರೆ. ಅದು ತೋಟಕ್ಕೆ ಸರಿ. ಹೋಸ್ ಬಿಚ್ಚುವ ಮೊದಲು ಸಿಲೋದ ಕಡೆಯ ವಾಲ್ವ್ ಮುಚ್ಚಿ, ಹೋಸಿನ ಒತ್ತಡ ಇಳಿಸಿ, ಒತ್ತಡದ ಗೇಜಿನ ಮುಳ್ಳನ್ನು ಸ್ವತಃ ನೋಡಬೇಕು. ‘ಇಳಿಸಿದ್ದೇನೆ’ ಎಂದು ದೂರದಿಂದ ಯಾರೋ ಕೂಗಿದ್ದು ಲೆಕ್ಕಕ್ಕೆ ಬರುವುದಿಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಪಂಪಿನ ಹತ್ತಿರ ಯಾರೂ ಬಿಡುವುದಿಲ್ಲ. ಐರನ್ ಹೊರಿಸುತ್ತಾರೆ, ತೊಳೆಸುತ್ತಾರೆ, ಹಳೆಯ ಸೀಲ್ ತೆಗೆದು ಹೊಸದು ಹಾಕಿಸುತ್ತಾರೆ. ಐಟಿಐ ಮುಗಿಸಿ ಬಂದವರಿಗೆ ಇದು ಕೂಲಿ ಕೆಲಸ ಎನ್ನಿಸಿ ಬೇಸರವಾಗುತ್ತದೆ, ಊರಿಗೆ ಫೋನ್ ಮಾಡಿ ಗೊಣಗುತ್ತಾರೆ, ಕೆಲವರು ನನಗೂ ಮಾಡುತ್ತಾರೆ. ನಾನು ಕೇಳುವುದು ಒಂದೇ: ಈ ದಿನ ತೊಳೆದ ತುಂಡುಗಳಲ್ಲಿ ಎಷ್ಟರ ಎರಡೂ ತುದಿಯ ಅಂಕಿ ಓದಿದೆ? ಓದಲಾಗದ ತುಂಡು ಸಿಕ್ಕಿತೇ, ಸಿಕ್ಕಿದ್ದರೆ ಅದನ್ನು ಎಲ್ಲಿಟ್ಟೆ? ಅಂಗಳದ ಬೇರೆ ತುಂಡುಗಳ ಜೊತೆಗೇ ಇಟ್ಟಿದ್ದರೆ, ಫೋನ್ ಇಟ್ಟು ಹೋಗಿ ಅದನ್ನು ಬೇರೆ ಮಾಡಿ ಬಾ ಎನ್ನುತ್ತೇನೆ.